ಪ್ಲೇಟಿನ ಮೇಲೆ ಬೇರೆ ಹೆಸರು

ಮಗಳ ಬಾಣಂತನಕ್ಕೆಂದು 2006ರಲ್ಲಿ ನಾನು ಅಮೆರಿಕಕ್ಕೆ ಹೋದೆ. ಎಲ್ಲರ ಮಕ್ಕಳೂ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎಂದು ಹೋದರೆ ನನ್ನ ಅಳಿಯನಿಗೆ ಕೆಲಸ ಸಿಕ್ಕಿದ್ದು ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. “ಅದು ಇಂಗ್ಲೆಂಡಿನಲ್ಲಲ್ವೇನ್ರೀ ಇರೋದು?” ಎಂದು ನಮ್ಮ ಬೀದಿಯವರೆಲ್ಲ ಕೇಳಿದ್ದರು. ಅಲ್ಲೂ ಒಂದಿದೆ, ಇಲ್ಲೂ ಒಂದಿದೆ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಒಂದೇ ಕಡೆ ಸಿಗುತ್ತವೆಂದು 1871ರಲ್ಲಿ ಕಟ್ಟಿದ ಊರು ಇದು. ನಮ್ಮ ಭದ್ರಾವತಿಯ ದೂರದ ಅಕ್ಕ ಎನ್ನಿ.

ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಬಾಣಂತಿಗೆಂದು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಹಾಲಿನಲ್ಲಿ ಅಳಿಯ ಯಾವುದೋ ಸಿಡಿ ಹಾಕಿದ್ದ. ಹಳೆಯ ರೆಕಾರ್ಡಿನ ಸರಸರ ಸದ್ದು, ಅದರ ಹಿಂದೆ ಪಿಯಾನೊ, ಅದರ ಮೇಲೆ ಒಬ್ಬ ಹೆಂಗಸಿನ ದನಿ. ಮಾತು ಒಂದೂ ತಿಳಿಯಲಿಲ್ಲ. ಆದರೆ ದನಿ ಕೇಳಿ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ನಿಂತಿತು. ಅದು ನಮ್ಮ ದೊಡ್ಡಮ್ಮನ ದನಿ! ಸ್ವಲ್ಪ ಒರಟು, ಸ್ವಲ್ಪ ಮೂಗಿನದು, ಯಾರಿಗೂ ಅಂಜದ್ದು, ಪದದ ಕೊನೆಗೆ ಬಂದಾಗ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಂಥದ್ದು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಬಾಣಂತಿ ಕೂಗಿದಳು, “ರೀ, ಅಮ್ಮ ಇದ್ದಾರೆ, ಆರಿಸಿ ಅದನ್ನ!” ಅಳಿಯ ಎದ್ದು ಓಡಿದ. ಹಾಡು ನಿಂತಿತು. ಅವನ ಮುಖ ನೋಡಬೇಕಿತ್ತು.

“ಏನಪ್ಪಾ ಅದು?” ಎಂದೆ.

“ಏನಿಲ್ಲ ಅತ್ತೆ, ಈ ಊರಿನವಳೇ ಒಬ್ಬಳು, ಹಳೇ ಬ್ಲೂಸ್ ಹಾಡು...” ಎಂದು ತಡವರಿಸಿದ.

ಇನ್ನೇನೂ ಹೇಳಬೇಕಾಗಿರಲಿಲ್ಲ. ಅದು ಪೋಲಿ ಹಾಡೆಂದು ನನಗೆ ದನಿಯಿಂದಲೇ ಗೊತ್ತಾಗಿತ್ತು. ಮದುವೆ ಮನೆಯಲ್ಲಿ ಬೀಗರ ಪದ ಹೇಳುವಾಗ ದೊಡ್ಡಮ್ಮನಿಗೆ ಬರುತ್ತಿದ್ದದ್ದು ಇದೇ ದನಿ.

ಮಗು ಮಲಗಿದ ಹೊತ್ತಿನಲ್ಲಿ, ಮಗಳು ಮಲಗಿದ ಹೊತ್ತಿನಲ್ಲಿ, ನಾನು ಆ ಸಿಡಿಯನ್ನು ಮೂರು ತಿಂಗಳು ಕದ್ದು ಕೇಳಿದೆ. ಮುಚ್ಚುಮರೆ ಏಕೆ, ಅಳಿಯನಿಂದ ಪುಸ್ತಕಗಳನ್ನೂ ತರಿಸಿ ಓದಿದೆ. ಹಾಡಿದವಳ ಹೆಸರು ಲೂಸಿಲ್ ಬೋಗನ್. ಆದರೆ ಆಕೆಯ ಹೆಚ್ಚಿನ ರೆಕಾರ್ಡುಗಳ ಮೇಲೆ ಆ ಹೆಸರೇ ಇಲ್ಲ, ಬೆಸ್ಸಿ ಜಾಕ್ಸನ್ ಎಂದಿದೆ. ಈ ಎರಡು ಹೆಸರುಗಳ ನಡುವಿನ ಸಂಗತಿಯನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ ಕಳೆದ ಮೇಲೆ ಕಪ್ಪು ಜನರ ನಡುವೆ ಬೆಳೆದ ಹಾಡು. ಅದಕ್ಕೆ ಹೆಚ್ಚಾಗಿ ಮೂರೇ ಸಾಲು. ಮೊದಲ ಸಾಲನ್ನೇ ಎರಡನೆಯ ಸಲ ಹೇಳಿ, ಕೇಳುವವರನ್ನು ಕಾಯಿಸಿ, ಮೂರನೆಯ ಸಾಲಿನಲ್ಲಿ ಏಟು ಕೊಡುತ್ತಾರೆ. ನಮ್ಮ ಬೀಸುಕಲ್ಲಿನ ತ್ರಿಪದಿ ಕೇಳಿ ಬೆಳೆದವರಿಗೆ ಇದರ ನಡೆ ತಟ್ಟನೆ ಹಿಡಿಯುತ್ತದೆ. ವಸ್ತು ಇಂಥದ್ದೇ ಎಂದಿಲ್ಲ: ಬಿಟ್ಟುಹೋದ ಗಂಡ, ಬಾಡಿಗೆ ಕೊಡಲು ಕಾಸಿಲ್ಲದ್ದು, ಪ್ರವಾಹ, ಜೈಲು, ಕುಡಿತ. ಜೊತೆಗೆ ಹಾಸಿಗೆಯ ವಿಷಯ. ಅದನ್ನು ಬೇರೆಯಾಗಿಟ್ಟು ಹಾಡಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ.

1920ರ ಆಗಸ್ಟ್ 10ರಂದು ನ್ಯೂಯಾರ್ಕಿನಲ್ಲಿ ಓಕೆ ಎಂಬ ಕಂಪನಿ ಮ್ಯಾಮಿ ಸ್ಮಿತ್ ಎಂಬ ಗಾಯಕಿಯ ‘ಕ್ರೇಜಿ ಬ್ಲೂಸ್’ ರೆಕಾರ್ಡು ಮಾಡಿತು. ಅದುವರೆಗೆ ಕಪ್ಪು ಜನರು ರೆಕಾರ್ಡು ಕೊಳ್ಳುತ್ತಾರೆಂದು ಕಂಪನಿಗಳಿಗೆ ನಂಬಿಕೆಯೇ ಇರಲಿಲ್ಲ. ಆ ಪ್ಲೇಟು ಖರ್ಚಾದ ರೀತಿ ನೋಡಿ ಎಲ್ಲರ ಕಣ್ಣೂ ಅಗಲವಾಯಿತು. ರೈಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸುವ ಕಪ್ಪು ನೌಕರರು ಉತ್ತರದಲ್ಲಿ ಕೊಂಡ ಪ್ಲೇಟುಗಳನ್ನು ದಕ್ಷಿಣದ ಹಳ್ಳಿಗಳಿಗೆ ಒಯ್ದು ಮಾರಿದರು. ಶುರುವಾಯಿತು ನೋಡಿ ಪೈಪೋಟಿ. ‘ರೇಸ್ ರೆಕಾರ್ಡ್ಸ್’ ಎಂದು ಬೇರೆ ಪಟ್ಟಿ, ಬೇರೆ ನಂಬರು, ಬೇರೆ ಜಾಹೀರಾತು. ಬೆಲೆ ಮುಕ್ಕಾಲು ಡಾಲರು. ಈ ವ್ಯಾಪಾರಕ್ಕೆ ಇಳಿದ ಪ್ಯಾರಾಮೌಂಟ್ ಎಂಬ ಹೆಸರಾಂತ ಕಂಪನಿ ಯಾರದ್ದು ಗೊತ್ತೆ? ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯದ್ದು! ಗ್ರಾಮಾಫೋನಿನ ಮರದ ಪೆಟ್ಟಿಗೆ ಮಾಡುತ್ತಿದ್ದವರು, ಪೆಟ್ಟಿಗೆ ಖರ್ಚಾಗಲೆಂದು ಒಳಗೆ ಹಾಕುವ ಹಾಡನ್ನೂ ಮಾಡತೊಡಗಿದರು.

ಹಾಡುವ ಹೆಂಗಸರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಹಾಡಿಗೆ ಇಷ್ಟು ಎಂದು ಒಂದೇ ಸಲದ ದುಡ್ಡು. ಆಮೇಲೆ ಹತ್ತು ಸಾವಿರ ಪ್ಲೇಟು ಹೋದರೂ ಅಷ್ಟೇ, ಹತ್ತು ಹೋದರೂ ಅಷ್ಟೇ. ಹೀಗಾಗಿ ಹೊಟ್ಟೆ ತುಂಬಬೇಕಾದರೆ ಹೆಚ್ಚು ಹಾಡಬೇಕು. ಆದರೆ ನಮಗೊಬ್ಬರಿಗೇ ಹಾಡಬೇಕೆಂದು ಕಂಪನಿ ಕರಾರು ಬರೆಸಿಕೊಂಡಿರುತ್ತದೆ. ಹಾಗಾದರೆ ದಾರಿ? ಬೇರೆ ಹೆಸರು. ಐಡಾ ಕಾಕ್ಸ್ ಎಂಬಾಕೆ ಜೂಲಿಯಾ ಪವರ್ಸ್, ಜೇನ್ ಸ್ಮಿತ್, ವೆಲ್ಮಾ ಬ್ರಾಡ್ಲಿ, ಕೇಟ್ ಲೂಯಿಸ್ ಹೀಗೆ ನಾಲ್ಕೈದು ಜನವಾದಳು. ಆಲ್ಬರ್ಟಾ ಹಂಟರ್ ಒಂದು ಕಂಪನಿಯ ಕರಾರಿನಲ್ಲಿದ್ದುಕೊಂಡೇ 1924ರಲ್ಲಿ ಇನ್ನೊಂದಕ್ಕೆ ಜೋಸೆಫೀನ್ ಬೀಟಿ ಎಂಬ ಹೆಸರಲ್ಲಿ ಹಾಡಿದಳು. ಅದು ಆಕೆಯ ತಂಗಿಯ ಹೆಸರು! ತಂಗಿಗೆ ಏನನ್ನಿಸಿತೋ. ಕೆಲವು ಸಲ ಗಾಯಕಿಗೇ ತಿಳಿಯದಂತೆ ಕಂಪನಿಗಳೂ ಹೆಸರು ಬದಲಿಸುತ್ತಿದ್ದವು. ಒಂದೇ ಹಾಡನ್ನು ಐದು ಲೇಬಲ್ಲಿನಲ್ಲಿ ಮಾರುವಾಗ ಐದು ಹೆಸರು. ಹೀಗೆ ಹುಟ್ಟಿದ ಸುಳ್ಳು ಹೆಸರುಗಳನ್ನು ಬಿಡಿಸುವುದಕ್ಕೆ ಆಮೇಲಿನ ಸಂಶೋಧಕರು ಜೀವಮಾನವನ್ನೇ ಸವೆಸಿದ್ದಾರೆ.

ಇದು ವ್ಯಾಪಾರದ ಮಾತಾಯಿತು. ಬೇರೆ ಹೆಸರಿಗೆ ಇನ್ನೊಂದು ಉಪಯೋಗವೂ ಇತ್ತು, ಮಾನ ಕಾಪಾಡುವುದು. ಪೋಲಿ ಹಾಡಿಗೆ ಗಿರಾಕಿ ಹೆಚ್ಚೆಂದು ಕಂಪನಿಗಳಿಗೆ ಬೇಗ ಗೊತ್ತಾಯಿತು. ಆದರೆ ಬಿಚ್ಚಿ ಹೇಳುವಂತಿಲ್ಲ. ಆಗ ಅಡಿಗೆಮನೆ ಸಹಾಯಕ್ಕೆ ಬಂತು. ಸಕ್ಕರೆ ಬಟ್ಟಲು, ಜಾಮ್ ಸುತ್ತಿದ ಕೇಕು, ಕಾಫಿ ಪುಡಿ ಮಾಡುವ ಯಂತ್ರ, ಬಿಸ್ಕತ್ತು, ಬಾಳೆಹಣ್ಣು, ಕಟುಕನ ಅಂಗಡಿ ಎಲ್ಲಕ್ಕೂ ಎರಡು ಅರ್ಥ. ಬೆಸ್ಸಿ ಸ್ಮಿತ್ 1929ರಲ್ಲಿ ಹಾಡಿದ ‘ಕಿಚನ್ ಮ್ಯಾನ್’ ಕೇಳಿದರೆ ಅಡಿಗೆಯವನನ್ನು ಹೊಗಳಿದಂತೆಯೇ ಇದೆ. ಯಾರು ಆಕ್ಷೇಪಿಸುತ್ತಾರೆ? ಆಕ್ಷೇಪಿಸಿದವನೇ ಸಿಕ್ಕಿಬೀಳುತ್ತಾನೆ. ನಮ್ಮಲ್ಲೂ ಬೀಗಿತ್ತಿಯನ್ನು ಜರೆಯುವಾಗ ಒರಳು, ಒನಕೆ, ನುಗ್ಗೆಕಾಯಿ, ಬದನೆಕಾಯಿ ಇವೆಲ್ಲ ಹೇಗೆ ಕೆಲಸಕ್ಕೆ ಬರುತ್ತಿದ್ದವೆಂದು ಮದುವೆ ಮನೆಯ ಹಿತ್ತಲಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಬರೆದು ತೋರಿಸಲು ಮಾತ್ರ ನನ್ನ ಕೈಲಾಗದು.

ಈ ಹೆಸರಿನಾಟದಲ್ಲಿ ನನಗೆ ಬಹಳ ಹಿಡಿಸಿದ್ದು ಥಾಮಸ್ ಡಾರ್ಸಿಯ ಕತೆ. ಜಾರ್ಜಿಯಾದಲ್ಲಿ 1899ರಲ್ಲಿ ಹುಟ್ಟಿದವನು. ಅಪ್ಪ ಚರ್ಚಿನ ಬೋಧಕ, ಅಮ್ಮ ಆರ್ಗನ್ ನುಡಿಸುವಾಕೆ. ಆದರೆ ಹುಡುಗನ ಕೈ ಪಿಯಾನೊ ಮೇಲೆ ಬೇರೆಯದೇ ದಾರಿ ಹಿಡಿಯಿತು. 1924ರಲ್ಲಿ ಬ್ಲೂಸಿನ ತಾಯಿ ಎಂದು ಕರೆಸಿಕೊಂಡಿದ್ದ ಮಾ ರೈನಿಯ ವಾದ್ಯವೃಂದ ನಡೆಸಿದ. ನಡುವೆ ದೇವರ ಕಡೆ ಮನಸ್ಸು ಹೊರಳಿ ಭಕ್ತಿಗೀತೆ ಬರೆಯತೊಡಗಿದ. ಭಕ್ತಿಗೀತೆ ಕೊಳ್ಳುವವರು ಯಾರೂ ಇರಲಿಲ್ಲ. 1928ರಲ್ಲಿ ಟ್ಯಾಂಪಾ ರೆಡ್ ಎಂಬ ಗಿಟಾರಿನವನು ಒಂದು ಪೋಲಿ ಪದ ಹಿಡಿದು ಬಂದು “ಇದಕ್ಕೊಂದು ಮಟ್ಟು ಹಾಕು” ಎಂದ. ಡಾರ್ಸಿ ಮೊದಲು ಬೇಡವೆಂದ, ಆಮೇಲೆ ಕೂತ. ‘ಇಟ್ಸ್ ಟೈಟ್ ಲೈಕ್ ದಟ್’ ಎಂಬ ಆ ಹಾಡು ದೇಶವನ್ನೇ ಕುಣಿಸಿತು. ಮೊದಲ ಸಲ ಕೈಗೆ ಬಂದ ಗೌರವಧನವೇ 2,000 ಡಾಲರಿಗೂ ಹೆಚ್ಚು. ಪ್ಲೇಟಿನ ಮೇಲೆ ಇದ್ದ ಹೆಸರು ಜಾರ್ಜಿಯಾ ಟಾಮ್. ಅಲ್ಲಿಂದ ನಾಲ್ಕು ವರ್ಷ ಜಾರ್ಜಿಯಾ ಟಾಮ್ ಪೋಲಿ ಹಾಡು ಹಾಡಿದ, ಥಾಮಸ್ ಡಾರ್ಸಿ ದೇವರ ಹಾಡು ಬರೆದ. ಅವನ ಜೊತೆ ಹಾಡಿದ ಜೇನ್ ಲೂಕಾಸ್ ಕೂಡ ಬೇರೆ ಹೆಸರಿನವಳೇ.  

1932ರ ಆಗಸ್ಟಿನಲ್ಲಿ ಡಾರ್ಸಿ ಸೇಂಟ್ ಲೂಯಿಸ್ ಎಂಬ ಊರಿಗೆ ಭಜನೆಯ ಕೂಟಕ್ಕೆಂದು ಹೋಗಿದ್ದ. ಹೆಂಡತಿ ನೆಟ್ಟಿ ತುಂಬು ಬಸುರಿ, ಷಿಕಾಗೊದ ಮನೆಯಲ್ಲಿದ್ದಳು. ತಂತಿ ಬಂತು. ಹೆರಿಗೆಯಲ್ಲಿ ಹೆಂಡತಿ ಹೋಗಿದ್ದಳು. ಅವನು ಮನೆ ಸೇರಿ ಕಂಡ ಗಂಡುಕೂಸೂ ಬೇಗನೆ ತೀರಿಕೊಂಡಿತು. ಆ ದುಃಖದಲ್ಲಿ ಅವನು ಬರೆದ ‘ಪ್ರೆಷಸ್ ಲಾರ್ಡ್’ ಎಂಬ ಪ್ರಾರ್ಥನೆಯನ್ನೇ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಮಹೇಲಿಯಾ ಜಾಕ್ಸನ್ ಹಾಡಿದ್ದು. ನಾನು ಇದನ್ನು ಓದುವಾಗ ಪಕ್ಕದ ಕೋಣೆಯಲ್ಲಿ ನನ್ನ ಮಗಳು, ಅವಳ ಪಕ್ಕದಲ್ಲಿ ಇಪ್ಪತ್ತು ದಿನದ ಕೂಸು ಇದ್ದವು. ಎದ್ದು ಹೋಗಿ ಇಬ್ಬರನ್ನೂ ಮುಟ್ಟಿ ನೋಡಿ ಬಂದೆ.

ಡಾರ್ಸಿ ಆಮೇಲೆ ಪೋಲಿ ಹಾಡಿನ ಕಡೆ ತಿರುಗಲಿಲ್ಲ. ಅವನ ಭಕ್ತಿಗೀತೆಗೆ ಬ್ಲೂಸಿನ ವಾಸನೆ ಇದೆಯೆಂದು ಚರ್ಚುಗಳು ಮೊದಮೊದಲು ಬಾಗಿಲು ಹಾಕಿದರೂ ಕೊನೆಗೆ ಗಾಸ್ಪೆಲ್ ಸಂಗೀತದ ಪಿತಾಮಹ ಎಂದು ಹೊಗಳಿಸಿಕೊಂಡು 1993ರಲ್ಲಿ ತೀರಿಕೊಂಡ. ಜಾರ್ಜಿಯಾ ಟಾಮ್‌ನ ವಿಷಯವನ್ನು ಮುಚ್ಚಿಡಲೂ ಇಲ್ಲ. ಇದಕ್ಕೆ ತಿರುಗುಮುರುಗಾದ ಕತೆಗಳೂ ಇವೆ. ಚಾರ್ಲಿ ಪ್ಯಾಟನ್, ಬ್ಲೈಂಡ್ ಲೆಮನ್ ಜೆಫರ್ಸನ್ ಎಂಬ ಬ್ಲೂಸ್ ಹಾಡುಗಾರರು ದೇವರ ಹಾಡು ಹಾಡುವಾಗ ಸುಳ್ಳು ಹೆಸರು ಇಟ್ಟುಕೊಂಡರು. ಒಬ್ಬ ಎಲ್ಡರ್ ಹ್ಯಾಡ್ಲಿ, ಇನ್ನೊಬ್ಬ ಡೀಕನ್ ಬೇಟ್ಸ್. ಎಷ್ಟು ಚೆನ್ನಾಗಿದೆ ನೋಡಿ! ಅಲ್ಲಿ ದೇವರಿಗೇ ಸುಳ್ಳು ಹೆಸರು ಕೊಟ್ಟರು.

ಈಗ ಬೋಗನ್ ವಿಷಯಕ್ಕೆ ಬರುತ್ತೇನೆ. ಹುಟ್ಟಿದ್ದು 1897ರಲ್ಲಿ, ಮಿಸಿಸಿಪಿಯ ಅಮೋರಿಯಲ್ಲಿ. ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಹದಿನೇಳರ ಸುಮಾರಿಗೆ ರೈಲ್ವೆ ಕೆಲಸಗಾರನೊಂದಿಗೆ ಮದುವೆ, ಒಬ್ಬ ಮಗ. 1923ರಲ್ಲಿ ಓಕೆ ಕಂಪನಿಗೆ ಹಾಡಿದಳು. ಆ ವರ್ಷವೇ ಅಟ್ಲಾಂಟಾದಲ್ಲಿ ಹಾಡಿದ್ದು, ನ್ಯೂಯಾರ್ಕ್, ಷಿಕಾಗೊ ಬಿಟ್ಟು ಹೊರಗೆ ರೆಕಾರ್ಡಾದ ಮೊದಮೊದಲ ಬ್ಲೂಸುಗಳಲ್ಲಿ ಒಂದು. 1930ರಲ್ಲಿ ಆಕೆ ಹಾಡಿದ ಇನ್ನೊಂದು ಹಾಡು ಬೀದಿಯಲ್ಲಿ ಗಿರಾಕಿಗಾಗಿ ನಿಂತ ಹೆಂಗಸಿನದು. ಕೆಟ್ಟ ಕಾಲ ಬಂದಿದೆ, ಗಂಡಸರ ಜೇಬು ಬರಿದಾಗಿದೆ, ಮೈ ಮಾರಿಕೊಳ್ಳುವವಳಿಗೂ ವ್ಯಾಪಾರವಿಲ್ಲ. ಅದರಲ್ಲಿ ಅಳು ಇಲ್ಲ, ಉಪದೇಶವೂ ಇಲ್ಲ. ರಾಗಿ ಬೆಲೆ ಬಿದ್ದಿದೆ ಎನ್ನುವಷ್ಟು ಸಲೀಸಾಗಿ ಹೇಳುತ್ತಾಳೆ. ಆ ಹಾಡಿಗೆ ಪೋಲಿ ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಆರ್ಥಿಕ ಕುಸಿತದಲ್ಲಿ ರೆಕಾರ್ಡಿನ ವ್ಯಾಪಾರವೂ ಮುಳುಗಿತ್ತು. 1927ರಲ್ಲಿ ಅಮೆರಿಕದಲ್ಲಿ ಹತ್ತು ಕೋಟಿ ಪ್ಲೇಟು ಹೋಗಿದ್ದರೆ 1932ರಲ್ಲಿ ಸುಮಾರು 60 ಲಕ್ಷ. ಉಳಿದ ಕಂಪನಿಗಳು ಕಾಲು ಡಾಲರಿನ ಅಗ್ಗದ ಪ್ಲೇಟುಗಳನ್ನು ಸಣ್ಣ ಸಾಮಾನಿನ ಅಂಗಡಿಗಳಲ್ಲಿಟ್ಟು ಮಾರತೊಡಗಿದವು. ಅಂಥ ಒಂದು ಕಂಪನಿಗಾಗಿ 1933ರಲ್ಲಿ ಬೋಗನ್ ಮತ್ತೆ ನ್ಯೂಯಾರ್ಕಿಗೆ ಹೋದಳು. ಜೊತೆಗೆ ಪಿಯಾನೊ ನುಡಿಸುವ ವಾಲ್ಟರ್ ರೋಲಂಡ್. ಲೂಸಿಲ್ ಬೋಗನ್ ಬೆಸ್ಸಿ ಜಾಕ್ಸನ್ ಆದದ್ದು ಆಗ. ಎರಡು ವರ್ಷದಲ್ಲಿ ಅವರಿಬ್ಬರೂ ಸೇರಿ ಹಾಡಿದ್ದಕ್ಕೆ ಲೆಕ್ಕವಿಲ್ಲ. ಕುಡುಕರು, ಹೊಡೆಯುವ ಗಂಡಸರು, ಗಂಡಸಿನ ಹಂಗೇ ಬೇಡವೆಂದು ಪ್ಯಾಂಟು ತೊಟ್ಟು ಓಡಾಡುವ ಹೆಂಗಸರು ಎಲ್ಲರೂ ಆ ಹಾಡುಗಳಲ್ಲಿದ್ದಾರೆ.

1935ರ ಮಾರ್ಚಿನಲ್ಲಿ ‘ಶೇವ್ ಎಮ್ ಡ್ರೈ’ ಎಂಬ ಹಳೆಯ ಪದವನ್ನು ಎರಡು ಸಲ ಹಾಡಿದಳು. ಒಂದು, ಎರಡರ್ಥದ್ದು. ಅದು ಮಾರಾಟಕ್ಕೆ ಹೋಯಿತು. ಇನ್ನೊಂದಕ್ಕೆ ಎರಡರ್ಥವಿಲ್ಲ, ಒಂದೇ ಅರ್ಥ. ಸಕ್ಕರೆ ಬಟ್ಟಲೂ ಇಲ್ಲ, ಕಾಫಿಪುಡಿಯೂ ಇಲ್ಲ, ಅಂಗಾಂಗಗಳ ಹೆಸರು ಹೇಗಿವೆಯೋ ಹಾಗೆ. ನನ್ನ ಅಳಿಯ ಓಡಿಬಂದು ನಿಲ್ಲಿಸಿದ್ದು ಅದನ್ನೇ. ರೆಕಾರ್ಡು ಮಾಡುವ ಕೋಣೆಯಲ್ಲಿದ್ದ ಗಂಡಸರು ಕೇಳಿದರು. ಪ್ಲೇಟು ಅಂಗಡಿಗೆ ಬರಲಿಲ್ಲ. ಆದರೆ ಎಸೆಯಲೂ ಇಲ್ಲ! ಜೋಪಾನವಾಗಿ ಒಳಗಿಟ್ಟುಕೊಂಡರು. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಹೆಂಗಸರು ಹೆಂಗಸರ ಎದುರು, ಗಂಡಸರನ್ನು ಹೊರಗೆ ಕೂರಿಸಿ ಹಾಡಬೇಕಾದ ಪದವನ್ನು ಗಂಡಸರು ತಮ್ಮ ಖಾಸಗಿ ಮೋಜಿಗೆ ಇಟ್ಟುಕೊಂಡರಲ್ಲ ಎಂದು. ಆದರೆ ಮತ್ತೆ ಮತ್ತೆ ಕೇಳಿದ ಹಾಗೆ ಸಿಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಹಾಡುತ್ತಿರುವವಳಿಗೆ ಎಲ್ಲಿಯೂ ಸಂಕೋಚವಿಲ್ಲ. ಅವಳು ಮೋಜು ಒದಗಿಸುತ್ತಿಲ್ಲ, ತಾನೇ ಮೋಜು ಮಾಡುತ್ತಿದ್ದಾಳೆ. ಒಂದು ಕಡೆ ನಗು ತಡೆಯಲಾರದೆ ದನಿ ಅಲುಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅದೇ ಆಕೆಯ ಕೊನೆಯ ಸುತ್ತು. ಆಮೇಲೆ ಯಾವ ಕಂಪನಿಯೂ ಕರೆಯಲಿಲ್ಲ. ಊರಿಗೆ ಬಂದು ಮಗನ ಬ್ಯಾಂಡನ್ನು ನೋಡಿಕೊಂಡಳು. ಕೊನೆಗೆ ಲಾಸ್ ಏಂಜಲಿಸಿಗೆ ಹೋಗಿ ಅಲ್ಲಿ 1948ರ ಆಗಸ್ಟ್ 10ರಂದು, ಐವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡಳು. ‘ಕ್ರೇಜಿ ಬ್ಲೂಸ್’ ರೆಕಾರ್ಡಾದ ತಾರೀಖೂ ಅದೇ, ಸರಿಯಾಗಿ 28 ವರ್ಷ. ಆಕೆ 1930ರಲ್ಲಿ ಹಾಡಿದ ‘ಬ್ಲ್ಯಾಕ್ ಏಂಜಲ್ ಬ್ಲೂಸ್’ ಒಬ್ಬರಿಂದೊಬ್ಬರಿಗೆ ಹೋಗಿ 1956ರಲ್ಲಿ ಬಿ.ಬಿ. ಕಿಂಗ್ ಬಾಯಲ್ಲಿ ದೊಡ್ಡ ಹಾಡಾಯಿತು. ಒಳಗಿಟ್ಟಿದ್ದ ಆ ಇನ್ನೊಂದು ‘ಶೇವ್ ಎಮ್ ಡ್ರೈ’ ದಶಕಗಳ ನಂತರ ಹೊರಬಂದು ಈಗ ಆಕೆ ಹೆಸರಾಗಿರುವುದೇ ಅದರಿಂದ. 2022ರಲ್ಲಿ ಬ್ಲೂಸಿನ ಮಹನೀಯರ ಪಟ್ಟಿಗೂ ಸೇರಿಸಿದರು, ಲೂಸಿಲ್ ಬೋಗನ್ ಎಂಬ ಸ್ವಂತ ಹೆಸರಿನಲ್ಲಿ. ಸಂತೋಷವೇ. ಆದರೆ ಬೀದಿಯಲ್ಲಿ ಗಿರಾಕಿಗಾಗಿ ಕಾದ ಹೆಂಗಸಿನ ಹಾಡನ್ನು ಯಾರೂ ಹುಡುಕಿ ಕೇಳುವುದಿಲ್ಲ, ಈ ಒಂದನ್ನೇ ಕೇಳಿ ಕಿಸಕ್ಕನೆ ನಗುತ್ತಾರೆ. ಅಂದು ಬೀಗ ಹಾಕಿದ್ದಕ್ಕೂ ಇಂದು ಹೀಗೆ ನಗುವುದಕ್ಕೂ ನನಗೇನೋ ಹೆಚ್ಚು ದೂರ ಕಾಣಲಿಲ್ಲ.

ಅಂದಹಾಗೆ, ಬರ್ಮಿಂಗ್‌ಹ್ಯಾಮಿನಲ್ಲಿ ಕೆಂಪು ಮಣ್ಣಿನ ಗುಡ್ಡದ ಮೇಲೆ ವಲ್ಕನ್ ಎಂಬ ಕಮ್ಮಾರ ದೇವರ ಎರಕದ ವಿಗ್ರಹವಿದೆ. 1904ರಲ್ಲಿ ಮಾಡಿದ್ದು, 56 ಅಡಿ ಎತ್ತರ. ಅಳಿಯ ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿದ. ಮುಂದುಗಡೆ ಕಮ್ಮಾರರ ಅಡ್ಡವಸ್ತ್ರ ಕಟ್ಟಿಕೊಂಡಿದ್ದಾನೆ, ಹಿಂದುಗಡೆ ಏನೂ ಇಲ್ಲ! ಆ ಹಿಂಭಾಗ ಪಕ್ಕದ ಬಡಾವಣೆಯ ಕಡೆಗೆ ಹಗಲೂ ರಾತ್ರಿ ಬೆತ್ತಲೆ. ಊರಿನ ಲಾಂಛನವೇ ಅವನು. ಬೋಗನ್ ದಿನವೂ ಕೇಳಿ ಬೆಳೆದಿರಬಹುದಾದ ಮಾತುಗಳನ್ನು ಪ್ಲೇಟಿನ ಮೇಲೆ ಮಾರುವಂತಿರಲಿಲ್ಲ ಎಂದುಕೊಂಡು ನಾನು ಅಲ್ಲಿ ನಿಂತು ನಕ್ಕೆ. ಅಳಿಯನಿಗೆ ಏನು ತಿಳಿಯಿತೋ, ಬೇರೆ ಕಡೆ ನೋಡಿದ.

ಹೆಸರಿನ ಮಾತು ಬಂದಾಗ ಗೌಹರ್ ಜಾನ್ ನೆನಪಾಗುತ್ತಾಳೆ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಸಲ ಗ್ರಾಮಾಫೋನಿಗೆ ಹಾಡಿದ ಆಕೆ ಹಾಡಿನ ಕೊನೆಗೆ ತಾನು ಇಂಥವಳೆಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದಳು. ಮೇಣದ ಅಚ್ಚು ಜರ್ಮನಿಗೆ ಹೋಗಿ ಪ್ಲೇಟಾಗಬೇಕಲ್ಲ, ಅಲ್ಲಿಯವರಿಗೆ ಇದು ಯಾರದೆಂದು ತಿಳಿಯಲಿ ಎಂದು. ಎಂಥ ಠೀವಿ! ಆಕೆ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಕಲಾವಿದೆಯಾಗಿ, 1930ರ ಜನವರಿಯಲ್ಲಿ. ಅದೇ ವರ್ಷ ಅತ್ತ ಬೋಗನ್ ಆ ಬೀದಿಯ ಹಾಡನ್ನು ಹಾಡಿದ್ದು.

ನನ್ನ ಹತ್ತಿರವೂ ಹೆಸರು ಸಾರಿದ ಒಂದು ರೆಕಾರ್ಡಿಂಗ್ ಇತ್ತು. ಬರ್ಮಿಂಗ್‌ಹ್ಯಾಮಿನ ಅಡಿಗೆಮನೆಯಲ್ಲಿ ಅದು ನೆನಪಾದ ಮೇಲೆ ನನಗೆ ನೆಮ್ಮದಿ ಇರಲಿಲ್ಲ.

1989ರ ಮಾತು. ಆಗ ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಊರೂರಲ್ಲಿ ಜಾನಪದ ಸಂಗ್ರಹದ ಹುಮ್ಮಸ್ಸು. ನಾನೂ ಒಂದು ಟೇಪ್‌ರೆಕಾರ್ಡರು ಹೊತ್ತು ಅರಸೀಕೆರೆ ಸೀಮೆಯ ನಮ್ಮ ದೊಡ್ಡಮ್ಮನ ಮನೆಗೆ ಹೋದೆ. ಅರವತ್ತು ನಿಮಿಷದ ಕ್ಯಾಸೆಟ್ಟು. ಎ ಬದಿಯಲ್ಲಿ ಸೋಬಾನೆ, ಬೀಸುವ ಪದ, ತೌರಿನ ಪದ. ಶುರುಮಾಡುವ ಮೊದಲು “ದೊಡ್ಡಮ್ಮ, ಹೆಸರು ಹೇಳು” ಎಂದರೆ ಕೂತಲ್ಲೇ ಸೆರಗು ಸರಿಮಾಡಿಕೊಂಡು ತನ್ನ ಹೆಸರು, ತೌರಿನ ಹೆಸರು, ಕೊಟ್ಟ ಊರಿನ ಹೆಸರು ಎಲ್ಲ ಹೇಳಿದಳು. ಗಂಡನ ಹೆಸರನ್ನು ಮಾತ್ರ ನನ್ನ ಕೈಲಿ ಹೇಳಿಸಿದಳು.

ಬದಿ ತಿರುಗಿಸಿ ಹಾಕಿ, “ಈಗ ಬೀಗರ ಪದ ಹೇಳು” ಎಂದೆ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. “ಹೆಸರು?” ಎಂದೆ.

“ಮಗಾ, ಇದ್ಕೆ ನನ್ ಹೆಸ್ರು ಬ್ಯಾಡ ಕಣೆ. ಕೆರೆ ಏರಿ ಕೆಂಪಿ ಅಂತ ಹಾಕ್ಕೊ.”

“ಯಾರು ದೊಡ್ಡಮ್ಮ ಕೆಂಪಿ?”

“ಯಾರೂ ಇಲ್ಲ. ಅದ್ಕೇ.”

ಆಮೇಲೆ ಹಾಡಿದಳು ನೋಡಿ. ಅರ್ಧ ಗಂಟೆ. ಟೇಪಿನಲ್ಲಿ ನನ್ನ ನಗುವೇ ಹೆಚ್ಚು ಕೇಳಿಸುತ್ತದೆ.

1992ರಲ್ಲಿ ನಮ್ಮೂರಿನ ಮಹಿಳಾ ಸಮಾಜದವರು ಆ ಪದಗಳನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದರು. ಎ ಬದಿ ಮಾತ್ರ. ದೊಡ್ಡಮ್ಮನ ಹೆಸರು, ಫೋಟೊ, ಎಲ್ಲ ಬಂತು. ‘ಸಂಸ್ಕೃತಿಯ ಕಣಜ’ ಎಂದು ಮುನ್ನುಡಿಯಲ್ಲಿ ಬರೆದದ್ದು ನಾನೇ. ಬಿ ಬದಿ ಬೇಡವೆಂದು ಯಾರೂ ನನಗೆ ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ. ಕ್ಯಾಸೆಟ್ಟನ್ನು ಬೀರುವಿನ ಒಳಖಾನೆಯಲ್ಲಿಟ್ಟು ಬೀಗ ಹಾಕಿದೆ. ಮನೆಗೆ ಹತ್ತಿರದ ಗೆಳತಿಯರು ಬಂದಾಗ, ಗಂಡಸರು ಇಲ್ಲದಾಗ, ಎರಡು ಮೂರು ಸಲ ಹಾಕಿ ಕೇಳಿ ನಕ್ಕಿದ್ದೂ ಉಂಟು. 1996ರಲ್ಲಿ ದೊಡ್ಡಮ್ಮ ಹೋದಳು. ಕಾಲು ಡಾಲರಿನ ಪ್ಲೇಟಿನ ಕಂಪನಿಯವರ ಮೇಲೆ ಅಷ್ಟೊಂದು ಸಿಟ್ಟಾಗುವಾಗ ನನಗೆ ಇದು ನೆನಪಾಗಿರಲಿಲ್ಲ, ಸ್ವಲ್ಪ ತಡವಾಗಿ ನೆನಪಾಯಿತು.

ಆಲ್ಬರ್ಟಾ ಹಂಟರ್ ಎಂದೆನಲ್ಲ, ತಂಗಿಯ ಹೆಸರಲ್ಲಿ ಹಾಡಿದವಳು. ಆಕೆಯ ಮುಂದಿನ ಬದುಕು ಕೇಳಬೇಕು. ತಾಯಿ ತೀರಿಕೊಂಡ ಮೇಲೆ ಹಾಡುವುದನ್ನೇ ಬಿಟ್ಟು, ವಯಸ್ಸನ್ನು ಹನ್ನೆರಡು ವರ್ಷ ಕಡಿಮೆ ಹೇಳಿ ನರ್ಸಿಂಗ್ ಕಲಿತಳು. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ರೋಗಿಗಳ ಸೇವೆ ಮಾಡಿದಳು. 1977ರಲ್ಲಿ ಎಪ್ಪತ್ತಾಯಿತೆಂದು ಆಸ್ಪತ್ರೆಯವರು ನಿವೃತ್ತಿ ಕೊಟ್ಟರು. ನಿಜವಾಗಿ ಎಂಬತ್ತೆರಡಾಗಿತ್ತು! ಆ ವರ್ಷವೇ ನ್ಯೂಯಾರ್ಕಿನ ‘ದಿ ಕುಕರಿ’ ಎಂಬ ಹೋಟೆಲಿನಲ್ಲಿ ಮತ್ತೆ ಹಾಡಲು ನಿಂತಳು. ದೊಡ್ಡ ದೊಡ್ಡ ಓಲೆ ಹಾಕಿಕೊಂಡು, ಮೊಮ್ಮಕ್ಕಳ ವಯಸ್ಸಿನವರ ಎದುರು, ಹಳೆಯ ಎರಡರ್ಥದ ಹಾಡುಗಳನ್ನು ಸ್ವಂತ ಹೆಸರಿನಲ್ಲಿ ಹಾಡಿದಳು. 1984ರಲ್ಲಿ ಸಾಯುವ ವರ್ಷದವರೆಗೂ ಹಾಡಿದಳು. ಆಕೆಯ ಆ ವಯಸ್ಸಿನ ಕಾರ್ಯಕ್ರಮದ ಚಿತ್ರವನ್ನು ನೋಡಿದ್ದೇನೆ. ಮೂರನೆಯ ಸಾಲಿಗೆ ಬರುವ ಮೊದಲು ಒಂದು ಕ್ಷಣ ನಿಲ್ಲುತ್ತಾಳೆ. ಕೇಳುವವರು ನಗಲೋ ಬೇಡವೋ ಎಂದು ಅಂಜುತ್ತಾರೆ. ಅಜ್ಜಿ ಕಣ್ಣು ಮಿಟುಕಿಸಿದ ಮೇಲೆ ಸಭೆಯೇ ಬಿದ್ದು ನಗುತ್ತದೆ.

ಹೋದ ವರ್ಷ ಬೀರುವಿನಿಂದ ಕ್ಯಾಸೆಟ್ಟು ತೆಗೆದೆ. ಬೂಷ್ಟು ಹಿಡಿದಿತ್ತು. ಬೆಂಗಳೂರಿನಲ್ಲಿ ಒಬ್ಬ ಹುಡುಗ ಒರೆಸಿ ಶುದ್ಧಮಾಡಿ ಫೋನಿಗೆ ಹಾಕಿಕೊಟ್ಟ. ಹಾಕಿಕೊಡುವಾಗ ತಲೆ ಬಗ್ಗಿಸಿಕೊಂಡಿದ್ದ, ಭುಜ ಅಲುಗುತ್ತಿತ್ತು. ಅದನ್ನು ತೆಗೆದುಕೊಂಡು ದೊಡ್ಡಮ್ಮನ ಮಗಳ ಮನೆಗೆ, ನಮ್ಮ ಅಕ್ಕನ ಹತ್ತಿರ ಹೋದೆ. ಈಗ ಅವಳಿಗೆ ಎಪ್ಪತ್ತೆಂಟು. ಫೋನನ್ನು ಕಿವಿಗೆ ಹಿಡಿದು ಕೇಳಿದಳು. ಮೊದಲು ಕಣ್ಣಲ್ಲಿ ನೀರು ಬಂತು. ಒಂದು ಪದವಾಗುವ ಹೊತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು. ಕೊನೆಯಲ್ಲಿ ಟೇಪು ಮುಗಿದು ಪದ ಅರ್ಧಕ್ಕೇ ಕತ್ತರಿಸಿಹೋಗಿದೆ. ಅಕ್ಕ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಉಳಿದ ಎರಡು ಸಾಲನ್ನು ಮೆಲ್ಲಗೆ ಹೇಳಿ ಮುಗಿಸಿದಳು. ಅಡಿಗೆಮನೆಯಲ್ಲಿ ಸೊಸೆ ಕೈಯಲ್ಲಿದ್ದ ಸೌಟು ಬೀಳಿಸಿದಳು.

“ಇದನ್ನ ಅಚ್ಚು ಹಾಕಿಸೋಣ ಅಂತಿದೀನಿ ಅಕ್ಕ. ಯಾರ ಹೆಸರು ಹಾಕಲಿ?” ಎಂದೆ.

ತುಂಬಾ ಹೊತ್ತು ಸುಮ್ಮನಿದ್ದಳು. “ಅವ್ವ ಬ್ಯಾಡ ಅಂದಿದ್ಲಲ್ಲ...” ಎಂದಳು. ಆಮೇಲೆ, “ಕೆಂಪಿ ಅಂತ್ಲೇ ಹಾಕು. ಪಕ್ಕದಲ್ಲಿ ಕಂಸದಲ್ಲಿ ಅವ್ವನ ಹೆಸ್ರು ಹಾಕು. ಅಲ್ಲಿಗೆ ಇಬ್ರಿಗೂ ಆಯ್ತು. ಅಣ್ಣನ್ನ ಮಾತ್ರ ಒಂದ್ ಮಾತು ಕೇಳು” ಎಂದಳು.

ಅಣ್ಣನಿಗೆ ಅಲ್ಲಿಂದಲೇ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, “ನಮ್ಮವ್ವ ಅಂಥಾದ್ದೆಲ್ಲ ಹಾಡ್ತಿರ್ಲಿಲ್ಲ ಕಣಮ್ಮ” ಎಂದ. ಅವನ ಮದುವೆಯಲ್ಲೇ, ಅವನ ಹೆಂಡತಿಯ ತಾಯಿಯ ಮೇಲೆ ದೊಡ್ಡಮ್ಮ ಕಟ್ಟಿದ ಪದ ಆ ಟೇಪಿನಲ್ಲಿದೆ. ಅದನ್ನು ಅವನಿಗೆ ಹೇಳಲಿಲ್ಲ. ದೊಡ್ಡಮ್ಮನ ಹೆಸರನ್ನು ಇಲ್ಲಿಯೂ ನಾನು ಬರೆದಿಲ್ಲ.